ಕಿಟ್ ಕೊಟ್ಟು ಬಂದ ಮೇಲೆ ಶುರುವಾಗುವ ಕೆಲಸ

ನಮ್ಮದು ಚಿಕ್ಕ ಸಂಸ್ಥೆ. ಸಂಬಳಕ್ಕೆ ಇರುವವರು ಕಡಿಮೆ, ಬಿಡುವು ಮಾಡಿಕೊಂಡು ಬಂದು ದುಡಿಯುವವರು ಜಾಸ್ತಿ. ಕಷ್ಟಕ್ಕೆ ಸಿಕ್ಕ ಕುಟುಂಬಗಳ ಜೊತೆ ಕೆಲವು ತಿಂಗಳು ನಿಲ್ಲುವುದು ನಮ್ಮ ಕೆಲಸ. ಮನೆಗೆ ಹೋಗಿ ಕೂತು ಮಾತಾಡುವುದು, ಯಾರಿಗೆ ಏನು ಮೊದಲು ಆಗಬೇಕು ಎಂದು ನೋಡುವುದು ನನ್ನ ಪಾಲಿಗೆ ಬಂದಿದೆ. ಹೊಸದಾಗಿ ಸೇರುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಕಿಟ್‌ನಲ್ಲಿ ಏನೇನು ಹಾಕ್ತೀರಿ?"

ಕಿಟ್ ಬೇಡ ಅನ್ನುವುದಿಲ್ಲ. ಒಲೆ ಉರಿಯದ ಮನೆಯಲ್ಲಿ ಬೇರೆ ಮಾತೆಲ್ಲ ಆಮೇಲೆ. ಆದರೆ ದಿನಸಿ ಕೊಡುವುದು ಈ ಕೆಲಸದಲ್ಲಿ ತೀರಾ ಸುಲಭದ ಭಾಗ. ದುಡಿಯುವವರ ಕೆಲಸ ಹೋದಾಗ, ಯಾರೋ ಹಾಸಿಗೆ ಹಿಡಿದಾಗ, ಸಾವಾದಾಗ ಒಂದು ಮನೆಗೆ ಎಲ್ಲಕ್ಕಿಂತ ಮೊದಲು ತೀರಿಹೋಗುವುದು ಸಮಯ. ಬಾಡಿಗೆ ನಾಳೆ ಕೊಡಬೇಕು, ಫೀಸ್ ಈ ವಾರವೇ ಕಟ್ಟಬೇಕು, ಸಾಲ ಕೊಟ್ಟವನು ಸಂಜೆ ಬರುತ್ತಾನೆ. ಆ ಗಡಿಬಿಡಿಯಲ್ಲಿ ಏನನ್ನೋ ಮಾರಿಬಿಡುತ್ತಾರೆ, ಮಗುವನ್ನು ಶಾಲೆ ಬಿಡಿಸುತ್ತಾರೆ, ಸಿಕ್ಕಿದ ಬಡ್ಡಿಗೆ ಕೈಚಾಚುತ್ತಾರೆ. ಆ ತಿಂಗಳೇನೋ ದಾಟುತ್ತದೆ. ಮುಂದಿನ ವರ್ಷಗಳು ಹಾಳಾಗುತ್ತವೆ. ಅಂಥ ನಿರ್ಧಾರಕ್ಕೆ ಮುಂಚೆ ಅವರಿಗೆ ಒಂದಿಷ್ಟು ದಿನ ಕೈಗೆ ಸಿಗುವ ಹಾಗೆ ಮಾಡಬೇಕು. ನಾನು ಮಾಡುವುದೆಲ್ಲ ಇದರ ಸುತ್ತಲೇ.

ಹಾಗಾಗಿ ಮೊದಲ ಭೇಟಿಯಲ್ಲಿ "ನಿಮಗೆ ಏನು ಬೇಕು?" ಎಂದು ನಾನು ಕೇಳುವುದಿಲ್ಲ. ಕೇಳಿದರೆ ಜನ ನಮ್ಮ ಹತ್ತಿರ ಏನು ಸಿಗಬಹುದು ಎಂದು ಊಹಿಸಿ ಅದನ್ನೇ ಹೇಳುತ್ತಾರೆ. ಸಂಕೋಚ ಇರುತ್ತದೆ, ತಪ್ಪೇನಲ್ಲ. ಬದಲಿಗೆ ಮೂರು ಮಾತು ಕೇಳುತ್ತೇನೆ. ಈಚೆಗೆ ಏನನ್ನು ಮಾರಿದಿರಿ? ಏನನ್ನು ಅಡ ಇಟ್ಟಿರಿ? ಏನನ್ನು ನಿಲ್ಲಿಸಿದಿರಿ? ಇವಕ್ಕೆ ಬರುವ ಉತ್ತರದಲ್ಲಿ ಆ ಮನೆ ಎಷ್ಟು ಕೆಳಗೆ ಜಾರಿದೆ ಎನ್ನುವುದು ತಿಳಿಯುತ್ತದೆ.

ಇದು ನಾನು ಕಂಡುಹಿಡಿದದ್ದೇನಲ್ಲ. ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದವರು ಬರ, ಯುದ್ಧ ಇರುವ ಕಡೆ ಕುಟುಂಬಗಳ ಸ್ಥಿತಿ ಅಳೆಯುವುದು ಹೆಚ್ಚುಕಡಿಮೆ ಹೀಗೆಯೇ. ಉಳಿತಾಯ ಕರಗಿಸುವುದು, ಸಾಲ ಮಾಡುವುದು, ಮನೆಯ ಸಾಮಾನು ಮಾರುವುದು ಮೊದಲ ಹಂತ. ದುಡಿಮೆಯ ಸಲಕರಣೆ ಮಾರುವುದು, ಓದು ಮತ್ತು ಔಷಧಿಯ ಖರ್ಚು ಕಡಿತ ಮಾಡುವುದು ಎರಡನೆಯದು. ಮನೆ, ಜಮೀನು ಮಾರುವುದು, ಭಿಕ್ಷೆ ಬೇಡುವುದು ಕೊನೆಯದು. ಟಿವಿ ಮಾರಿದ ಮನೆಗೂ ಹೊಲಿಗೆ ಯಂತ್ರ ಮಾರಿದ ಮನೆಗೂ ತುಂಬಾ ವ್ಯತ್ಯಾಸ ಇದೆ. ಟಿವಿ ಹೋದರೆ ಬೇಜಾರು. ಯಂತ್ರ ಹೋದರೆ ನಾಳೆಯ ಆದಾಯವೇ ಹೋಯಿತು. ಹೊಲಿಗೆ ಯಂತ್ರ, ತಳ್ಳುಗಾಡಿ, ಬಡಗಿಯ ಪೆಟ್ಟಿಗೆ, ಡೆಲಿವರಿಗೆ ಓಡಿಸುವ ಬೈಕು, ಇವು ಅಡಕ್ಕೆ ಹೋಗುವ ಮಾತು ಕಿವಿಗೆ ಬಿದ್ದರೆ ಉಳಿದ ಕೆಲಸ ಪಕ್ಕಕ್ಕಿಟ್ಟು ಅಲ್ಲಿಗೆ ಓಡುತ್ತೇವೆ.

'ಏನನ್ನು ನಿಲ್ಲಿಸಿದಿರಿ' ಎಂಬ ಪ್ರಶ್ನೆಗೆ ಅರ್ಧಕ್ಕರ್ಧ ಮನೆಗಳಲ್ಲಿ ಮೊದಲು ಉತ್ತರ ಬರುವುದಿಲ್ಲ. ಆಗ ಬಿಡಿಸಿ ಕೇಳಬೇಕು. "ಅಕ್ಕಾ, ಯಾವ ಮಾತ್ರೆ ಬಿಟ್ಟಿದ್ದೀರಿ?" ಬಿಟ್ಟಿದ್ದೀರಾ ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. ಯಾವುದು ಅಂತ ಕೇಳಿದರೆ ಒಂದು ಕ್ಷಣ ಸುಮ್ಮನಿದ್ದು ಹೇಳುತ್ತಾರೆ. ದುಡ್ಡು ಕಡಿಮೆಯಾದಾಗ ಮನೆಯ ಹೆಂಗಸರ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಸದ್ದಿಲ್ಲದೆ ನಿಲ್ಲುತ್ತವೆ. ಇಲ್ಲವೇ ದಿನ ಬಿಟ್ಟು ದಿನ ಆಗುತ್ತವೆ. ಕೆಲವನ್ನು ಒಂದು ವಾರವೂ ಕಾಯಿಸುವ ಹಾಗಿಲ್ಲ. ಮೂರ್ಛೆ ರೋಗದ ಮಾತ್ರೆ ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಬಹುದು. ಕ್ಷಯದ ಔಷಧಿ ನಡುವೆ ಬಿಟ್ಟರೆ ರೋಗಾಣು ಆ ಔಷಧಿಗೇ ಜಗ್ಗದ ಹಾಗೆ ಆಗಿಬಿಡಬಹುದು. ಇನ್ಸುಲಿನ್ ವಿಷಯವಂತೂ ಹೇಳುವುದೇ ಬೇಡ. ಅದಕ್ಕೇ ದಿನಸಿ ಚೀಲ ತಲುಪುವ ಮುಂಚೆ ಔಷಧಿ ಚೀಟಿಯ ಫೋಟೋ ನನ್ನ ಫೋನಿನಲ್ಲಿ ಇರುತ್ತದೆ. ನಾನು ತೆಗೆದುಕೊಳ್ಳುವ ಫೋಟೋ ಅದೊಂದೇ. ಆ ಮಾತಿಗೆ ಆಮೇಲೆ ಬರುತ್ತೇನೆ.

ಸಾಲದ ಲೆಕ್ಕಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಹೆಚ್ಚಿನ ಮನೆಗಳಲ್ಲಿ ಪೂರ್ತಿ ಲೆಕ್ಕ ಯಾರಿಗೂ ಗೊತ್ತಿರುವುದಿಲ್ಲ. ಗಂಡ ಮಾಡಿದ್ದು ಹೆಂಡತಿಗೆ ಗೊತ್ತಿಲ್ಲ, ಹೆಂಡತಿ ಮಾಡಿದ್ದು ಅತ್ತೆಗೆ ಗೊತ್ತಿಲ್ಲ. ಒಂದು ಹಾಳೆಯ ಮೇಲೆ ನಾಲ್ಕು ಕಾಲಂ ಎಳೆಯುತ್ತೇವೆ. ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಕೊಡದಿದ್ದರೆ ಏನಾಗುತ್ತದೆ. ನಾಲ್ಕನೆಯ ಕಾಲಂ ಮುಖ್ಯ. ಬಾಗಿಲಿಗೆ ಬಂದು ಕೂಗಾಡುವವನಿಗೇ ಮೊದಲು ಕೊಟ್ಟುಬಿಡೋಣ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಅವನಿಗೆ ಕೊಡದಿದ್ದರೆ ಆಗುವುದು ಕೂಗಾಟ. ಬಾಡಿಗೆ ಕೊಡದಿದ್ದರೆ ಮನೆ ಹೋಗುತ್ತದೆ, ಕರೆಂಟ್ ಬಿಲ್ ಕಟ್ಟದಿದ್ದರೆ ಕತ್ತಲು, ಅಡ ಇಟ್ಟ ಯಂತ್ರ ಬಿಡಿಸದಿದ್ದರೆ ದುಡಿಮೆ ಹೋಗುತ್ತದೆ. ಹಾಳೆಯ ಮೇಲೆ ಇದನ್ನು ನೋಡಿದ ಮೇಲೆ ಯಾವುದು ಮೊದಲು ಎಂದು ಮನೆಯವರೇ ಹೇಳುತ್ತಾರೆ. ನಾನು ಹೇಳಬೇಕಾಗುವುದಿಲ್ಲ.

ಬಡ್ಡಿಯ ಕಾಲಂ ತುಂಬುವಾಗ ಪೆನ್ನು ಅವರ ಕೈಗೇ ಕೊಡುತ್ತೇನೆ. ತಿಂಗಳಿಗೆ ನೂರಕ್ಕೆ 5 ಅಂದರೆ ಕೇಳಲು ಸಣ್ಣದಾಗಿ ಕಾಣುತ್ತದೆ ಅಲ್ವಾ? ವರ್ಷಕ್ಕೆ ಅದು ನೂರಕ್ಕೆ 60. ಬಡ್ಡಿ ಕಟ್ಟದೆ ಅದನ್ನೂ ಅಸಲಿಗೆ ಸೇರಿಸುತ್ತಾ ಹೋದರೆ ವರ್ಷದ ಕೊನೆಗೆ 100 ಹೆಚ್ಚುಕಡಿಮೆ 180 ಆಗಿರುತ್ತದೆ. ತಾವೇ ಕೂಡಿ ನೋಡಿದಾಗ ಆಗುವ ಪರಿಣಾಮ ನನ್ನ ಭಾಷಣದಿಂದ ಆಗುವುದಿಲ್ಲ. ಕಡಿಮೆ ಬಡ್ಡಿಯ ಸಾಲ ಎಲ್ಲಾದರೂ ಸಿಗುವ ಹಾಗಿದ್ದರೆ ದುಬಾರಿ ಸಾಲವನ್ನು ಅಲ್ಲಿಗೆ ಬದಲಾಯಿಸುತ್ತೇವೆ. ಮನೆಯವರು ಒಪ್ಪಿದರೆ ಸಾಲ ಕೊಟ್ಟವರಿಗೆ ನಾನೇ ಫೋನ್ ಮಾಡಿ ಎರಡು ತಿಂಗಳು ಟೈಮ್ ಕೇಳುತ್ತೇನೆ. ನಡುವೆ ಒಬ್ಬರು ಇದ್ದಾರೆ ಅಂತ ಗೊತ್ತಾದರೆ ಎಷ್ಟೋ ಜನ ಒಪ್ಪುತ್ತಾರೆ. ತಡವಾಗಿ ಬರುವ ದುಡ್ಡು ಬರದೇ ಇರುವ ದುಡ್ಡಿಗಿಂತ ಮೇಲು ಎಂದು ಅವರಿಗೂ ಗೊತ್ತು. ಬ್ಯಾಂಕಿನ ಸಾಲ ಇದ್ದರೆ ಕಂತು ತಪ್ಪುವ ಮುಂಚೆ ಹೋಗಿ ಮಾತಾಡಬೇಕು. ತಪ್ಪಿದ ಮೇಲೆ ಹೋದರೆ ಅವರ ಕೈಯೂ ಕಟ್ಟಿರುತ್ತದೆ. ಸಾಲ ತೀರಿಸಲು ಮಾತ್ರ ನಾವು ದುಡ್ಡು ಕೊಡುವುದಿಲ್ಲ. ಅದಕ್ಕೆ ತಳವೇ ಇಲ್ಲ. ಅಡದಲ್ಲಿರುವ ದುಡಿಮೆಯ ವಸ್ತು ಹರಾಜಿಗೆ ಹೋಗದ ಹಾಗೆ ಬಡ್ಡಿ ಕಟ್ಟುವುದೊಂದು ಇದಕ್ಕೆ ಹೊರತು.

ಕಾಗದಪತ್ರದ ಕೆಲಸ ಬೇಜಾರಿನದು, ಆದರೆ ಬಿಡುವ ಹಾಗಿಲ್ಲ. ಮನೆಯಲ್ಲಿ ಸಾವಾಗಿದ್ದರೆ ಮರಣ ಪತ್ರದ ಪ್ರತಿಗಳನ್ನು ಒಟ್ಟಿಗೇ ಜಾಸ್ತಿ ಮಾಡಿಸಿಕೊಳ್ಳಬೇಕು. ಬ್ಯಾಂಕಿಗೆ ಒಂದು, ವಿಮೆಗೆ ಒಂದು, ಪಿಂಚಣಿಗೆ ಒಂದು, ಕೆಲಸ ಮಾಡುತ್ತಿದ್ದ ಕಡೆಗೆ ಒಂದು. ತೀರಿಕೊಂಡವರ ಹೆಸರಿನಲ್ಲಿ ವಿಮೆ ಇದೆ ಎನ್ನುವುದೇ ಕೆಲವು ಮನೆಯವರಿಗೆ ಗೊತ್ತಿರುವುದಿಲ್ಲ. ಪಾಸ್‌ಬುಕ್ ಕೈಗೆ ತೆಗೆದುಕೊಂಡು ಹಳೆಯ ಸಾಲುಗಳನ್ನು ನೋಡುತ್ತೇನೆ. ವರ್ಷಕ್ಕೊಮ್ಮೆ ಒಂದೇ ಮೊತ್ತ ಕಡಿತ ಆಗಿದ್ದರೆ ಅದು ಪ್ರೀಮಿಯಂ ಇರಬಹುದು.

"ಅರ್ಜಿ ಕೊಟ್ಟಿದ್ದೆವು, ತುಂಬಿಸಿಕೊಂಡು ಬರಲೇ ಇಲ್ಲ, ಅವರಿಗೇ ಬೇಡ ಅನಿಸುತ್ತೆ" ಎಂದು ಹೊಸ ಸ್ವಯಂಸೇವಕರು ಗೊಣಗುವುದುಂಟು. ಅವರಿಗೆ ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದ ಒಂದು ಅಧ್ಯಯನದ ಬಗ್ಗೆ ಹೇಳುತ್ತೇನೆ. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದಿತ್ತು. ಕಟಾವಿಗೆ ಮುಂಚೆ ಕೈ ಖಾಲಿ ಇರುವಾಗ ಒಮ್ಮೆ, ಕಟಾವಾಗಿ ದುಡ್ಡು ಬಂದ ಮೇಲೆ ಒಮ್ಮೆ, ಅದೇ ರೈತರಿಗೆ ಯೋಚನಾಶಕ್ತಿಯ ಪರೀಕ್ಷೆ ಕೊಟ್ಟರು. ಕೈ ಖಾಲಿ ಇದ್ದಾಗ ಅದೇ ಜನ ಕಡಿಮೆ ಅಂಕ ತೆಗೆದರು. ದುಡ್ಡಿನ ಚಿಂತೆಯೇ ತಲೆಯ ಜಾಗವನ್ನೆಲ್ಲ ತಿಂದುಬಿಡುತ್ತದೆ ಎನ್ನುವುದು ಸಂಶೋಧಕರ ವಿವರಣೆ. ನಾನು ಮನೆಗಳಲ್ಲಿ ನೋಡುವುದೂ ಅದನ್ನೇ. ಚುರುಕಾದ ಹೆಣ್ಣುಮಗಳು, ವರ್ಷಗಟ್ಟಲೆ ಮನೆಯ ಲೆಕ್ಕ ನಡೆಸಿದವಳು, ಎರಡು ಪುಟದ ಫಾರಂ ಮುಂದೆ ಮಂಕಾಗಿ ಕೂತಿರುತ್ತಾಳೆ. ಹಾಗಾಗಿ ಅರ್ಜಿ ಕೈಗೆ ಕೊಟ್ಟು ಬರುವುದನ್ನು ನಾವು ನಿಲ್ಲಿಸಿದ್ದೇವೆ. ಅಲ್ಲೇ ಕೂತು ತುಂಬಿಸುತ್ತೇವೆ. ಕಚೇರಿಗೂ ಒಬ್ಬರು ಜೊತೆಗೆ ಹೋಗುತ್ತಾರೆ. ಸರದಿಯಲ್ಲಿ ನಿಂತ ದಿನದ ಕೂಲಿ ಹೋಗುತ್ತದಲ್ಲ, ಅದಕ್ಕೂ ಒಂದಿಷ್ಟು ಕೊಡುತ್ತೇವೆ.

ನಮ್ಮ ಸಮಿತಿಯಲ್ಲಿ ಮುಗಿಯದ ಜಗಳ ಎಂದರೆ ವಸ್ತು ಕೊಡಬೇಕೋ ದುಡ್ಡು ಕೊಡಬೇಕೋ ಎನ್ನುವುದು. "ದುಡ್ಡು ಕೊಟ್ಟರೆ ಕುಡಿದು ಹಾಳುಮಾಡ್ತಾರೆ" ಎನ್ನುವ ಹಿರಿಯರು ಎಲ್ಲ ಸಮಿತಿಯಲ್ಲೂ ಇರುತ್ತಾರೆ. ವಿಶ್ವ ಬ್ಯಾಂಕಿನ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೊವಾ 2014ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ನೇರವಾಗಿ ನಗದು ಕೊಟ್ಟರೆ ಮದ್ಯ, ತಂಬಾಕಿನ ಖರ್ಚು ಒಟ್ಟಾರೆ ಹೆಚ್ಚುವುದಿಲ್ಲ ಎಂದು ಅವರಿಗೆ ಕಂಡಿತು. ಇದನ್ನು ಸಭೆಯಲ್ಲಿ ಓದಿ ಹೇಳಿದೆ. ಹಿರಿಯರು ಒಪ್ಪಲಿಲ್ಲ, ಅದು ಬೇರೆ ಮಾತು. ನನ್ನ ಪದ್ಧತಿ ಹೀಗಿದೆ. ಅಂಗಡಿಗಳು ತೆರೆದಿದ್ದು ಸಾಮಾನು ಸಿಗುತ್ತಿದ್ದರೆ ದುಡ್ಡೇ ವಾಸಿ, ಯಾಕೆಂದರೆ ಮನೆಗೆ ಬೇಕಾದ್ದು ಬಸ್ ಚಾರ್ಜೋ, ಕನ್ನಡಕವೋ, ಮಗುವಿನ ಚಪ್ಪಲಿಯೋ ನನಗೇನು ಗೊತ್ತು? ನೆರೆ ಬಂದು ಅಂಗಡಿಯೇ ಇಲ್ಲದಾಗ ಕಿಟ್ ಬೇಕು. ಮನೆಯಲ್ಲಿ ಕುಡಿತ, ಹೊಡೆತ ಇದೆ ಎಂದು ಗೊತ್ತಾದರೆ ನಗದು ಬೇಡ. ಬಾಡಿಗೆಯನ್ನು ಮಾಲೀಕರಿಗೆ, ಫೀಸನ್ನು ಶಾಲೆಗೆ ನೇರವಾಗಿ ಕಟ್ಟುತ್ತೇವೆ. ಹೊಡೆತದ ವಿಷಯವನ್ನು ಅದನ್ನು ಬಲ್ಲವರಿಗೆ ಒಪ್ಪಿಸುತ್ತೇವೆ. ನಾವೇ ಪಂಚಾಯ್ತಿ ಮಾಡಲು ಹೋದರೆ ನಾವು ಎದ್ದು ಬಂದ ಮೇಲೆ ಏಟು ತಿನ್ನುವವಳು ಅವಳೇ.

ಫೋಟೋ ವಿಷಯ. ಕೊಡುವಾಗ ತೆಗೆಯುವುದಿಲ್ಲ, ಆಮೇಲೂ ಇಲ್ಲ. ಚೀಲದ ಮೇಲೆ ಸಂಸ್ಥೆಯ ಹೆಸರಿಲ್ಲ. ಆ ಮನೆಯ ಮಗು ನಾಳೆ ಅದೇ ಬೀದಿಯಲ್ಲಿ ಆಡಬೇಕು, ಅದೇ ಗೆಳೆಯರ ಜೊತೆ ಶಾಲೆಗೆ ಹೋಗಬೇಕು. ದಾನಿಗಳಿಗೆ ಖರ್ಚಿನ ಲೆಕ್ಕ ಕಳಿಸುತ್ತೇವೆ, ಮುಖ ಕಳಿಸುವುದಿಲ್ಲ. ಇದರಿಂದ ಕೆಲವು ದಾನಿಗಳು ಕೈಬಿಟ್ಟಿದ್ದಾರೆ. ಇರಲಿ.

ಎಷ್ಟು ದಿನ ಜೊತೆಗಿರಬೇಕು ಎನ್ನುವುದಕ್ಕೆ ಒಂದೇ ಅಳತೆ ಇಲ್ಲ. ಮೊದಲ ತಿಂಗಳಲ್ಲೇ ಯಾವಾಗ ಮುಗಿಸುತ್ತೇವೆ ಎಂದು ಮಾತಾಡಿಕೊಂಡಿರುತ್ತೇವೆ. ಒಂದು ಆದಾಯ ಮತ್ತೆ ಶುರುವಾಗಬೇಕು, ಮಕ್ಕಳು ಶಾಲೆಯಲ್ಲಿರಬೇಕು, ಮಾತ್ರೆ ತಪ್ಪಬಾರದು. ಇಷ್ಟಾದರೆ ಭೇಟಿ ಕಡಿಮೆ ಮಾಡುತ್ತೇವೆ. ಎಲ್ಲ ಮನೆಗಳೂ ಏಳುವುದಿಲ್ಲ. ದೀರ್ಘ ಕಾಯಿಲೆ ಇರುವ ಕಡೆ, ವಯಸ್ಸಾದವರೇ ಇರುವ ಕಡೆ ಏಳುವ ಮಾತೇ ಬರುವುದಿಲ್ಲ. ಅಂಥವರಿಗೆ ಸರ್ಕಾರದ ಕಾಯಂ ನೆರವು ಸಿಗುವ ಹಾಗೆ ಮಾಡಿಸಬೇಕು, ಅದು ಬರುವ ತನಕ ನಾವು ಬಿಡಬಾರದು.

ಇವೆಲ್ಲದರ ನಡುವೆ ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಒಂದು ಸಣ್ಣ ನಿಧಿ. ಸಮಿತಿಯ ಒಪ್ಪಿಗೆಗೆ ಕಾಯದೆ, ಒಂದು ಮಿತಿಯೊಳಗೆ, ಆ ದಿನವೇ ನಾನು ಕೊಡಬಹುದಾದ ದುಡ್ಡು. ರಸೀದಿ ಆಮೇಲೆ ಒಪ್ಪಿಸುತ್ತೇನೆ. ಸಮಿತಿ ಸೇರುವುದು ತಿಂಗಳಿಗೊಮ್ಮೆ, ಹೊಲಿಗೆ ಯಂತ್ರ ಅಡಕ್ಕೆ ಹೋಗುವುದು ಒಂದು ಮಧ್ಯಾಹ್ನದಲ್ಲಿ. ಸಾಮಾನಿನ ಬೆಲೆ ಏರಿದರೂ ನಿಧಿಯ ಮಿತಿ ಮಾತ್ರ ಇಟ್ಟಲ್ಲೇ ಇದೆ. ಅದನ್ನು ಏರಿಸಿ ಎಂದು ಹೋದ ಸಭೆಯಲ್ಲೂ ಕೇಳಿದ್ದೆ, ಬರುವ ಸಭೆಗೆ ಮತ್ತೆ ಬರೆದು ಕೊಟ್ಟಿದ್ದೇನೆ.