ಯುಎಆರ್‌ಟಿ ಲಿನಕ್ಸ್‌ಗೋ, ಸೆಕ್ಯೂರ್ ಓಎಸ್‌ಗೋ? ಚಿಪ್‌ನೊಳಗೆ ಹಂಚುವ ಕ್ರಮ

ಎಸ್‌ಟಿ ಕಂಪನಿಯ ಎಸ್‌ಟಿಎಂ32ಎಂಪಿ15 ಚಿಪ್‌ನಲ್ಲಿ ಲಿನಕ್ಸ್ ಮತ್ತು ಗುಟ್ಟಿನ ಕೆಲಸಗಳ ಸೆಕ್ಯೂರ್ ಓಎಸ್ ಎರಡೂ ಕಾರ್ಟೆಕ್ಸ್-ಎ7 ಕೋರ್‌ನಲ್ಲಿ ಓಡುತ್ತವೆ; ಎಂ4 ಪಕ್ಕದ ಚಿಕ್ಕ ಕೋರ್. ಈ ಕೋರ್‌ಗಳ ವಿನಂತಿ ಒಯ್ಯುವ ಬಸ್‌ಗೂ ಪೆರಿಫೆರಲ್‌ಗಳಿಗೂ (ಯುಎಆರ್‌ಟಿ, ಯುಎಸ್‌ಎಆರ್‌ಟಿ ಎಂಬ ಸೀರಿಯಲ್ ಪೋರ್ಟ್‌ಗಳಂಥವು) ನಡುವೆ ಇಟಿಝಡ್‌ಪಿಸಿ ಎಂಬ ಫೈರ್‌ವಾಲ್ ಇದೆ. ಬಂದ ವಿನಂತಿ ಸೆಕ್ಯೂರ್ ಹೌದೋ ಅಲ್ಲವೋ, ಕಾರ್ಟೆಕ್ಸ್-ಎ7ನದೋ ಎಂ4ನದೋ ಎಂಬುದಷ್ಟೇ ಅದಕ್ಕೆ ಬೇಕು.

ಮೊದಲು ಯಾವ ಪೆರಿಫೆರಲ್ ಯಾರದ್ದೆಂದು ಪಟ್ಟಿ ಮಾಡಿ. ಪ್ರತಿಯೊಂದಕ್ಕೂ ಒಂದು ಐಡಿ ಇದೆ: ಯುಎಸ್‌ಎಆರ್‌ಟಿ1ಕ್ಕೆ 3, ಯುಎಆರ್‌ಟಿ4ಕ್ಕೆ 32. ಯಾರಿಗೆ ಹಕ್ಕೆಂದು ಬರೆದಿಡುವ ಡೆಕ್‌ಪ್ರಾಟ್ ರಿಜಿಸ್ಟರ್‌ಗಳು ಇಟಿಝಡ್‌ಪಿಸಿಯಲ್ಲಿ ಹೆಕ್ಸ್ 10ರ ಆಫ್‌ಸೆಟ್‌ನಿಂದ ಶುರು. ಒಂದೊಂದರಲ್ಲಿ 16 ಪೆರಿಫೆರಲ್, ತಲಾ 2 ಬಿಟ್. ಐಡಿಯನ್ನು 16ರಿಂದ ಭಾಗಿಸಿ: ಭಾಗಲಬ್ಧ ರಿಜಿಸ್ಟರ್ ಸಂಖ್ಯೆ, ಶೇಷದ ಎರಡರಷ್ಟು ಬಿಟ್‌ನ ಜಾಗ. ಹಾಗಾಗಿ ಯುಎಸ್‌ಎಆರ್‌ಟಿ1 ಮೊದಲ ರಿಜಿಸ್ಟರ್‌ನ 6 ಮತ್ತು 7ನೇ ಬಿಟ್‌ಗಳಲ್ಲಿರುತ್ತದೆ. 00 ಎಂದರೆ ಸೆಕ್ಯೂರ್‌ಗೆ ಮಾತ್ರ, 01 ಎಂದರೆ ಓದಲು ಎಲ್ಲರಿಗೂ ಬರೆಯಲು ಸೆಕ್ಯೂರ್‌ಗೆ, 10 ಎಂ4ಗೆ ಪ್ರತ್ಯೇಕ, 11 ಮುಕ್ತ. ಇಡೀ ರಿಜಿಸ್ಟರ್ ಬರೆದುಬಿಟ್ಟರೆ ಉಳಿದ 15ರ ಹಕ್ಕೂ ಕೆಡುತ್ತದೆ. ಓದಿ, ಆ ಎರಡು ಬಿಟ್ ಬದಲಿಸಿ, ಬರೆಯಿರಿ.

ಈ ಕೆಲಸ ಇಲ್ಲಿನ ಸೆಕ್ಯೂರ್ ಓಎಸ್ ಆದ ಆಪ್‌ಟೀಯದು (OP-TEE). ಅದರ ಡಿವೈಸ್ ಟ್ರೀಯಲ್ಲಿ (ಹಾರ್ಡ್‌ವೇರ್ ವಿವರಿಸುವ ಕಡತ) ಡೆಕ್‌ಪ್ರಾಟ್ ಸಾಲು ಸೇರಿಸಿ. ಲಾಕ್ ಬಿಟ್ ಹಾಕಿದರೆ ರೀಸೆಟ್‌ವರೆಗೆ ಬದಲಿಸಲಾಗದು, ಆದ್ದರಿಂದ ಪರೀಕ್ಷೆ ಮುಗಿಯುವವರೆಗೆ ಲಾಕ್ ಬೇಡ. ಲಿನಕ್ಸ್ ಡಿವೈಸ್ ಟ್ರೀಯ ಪೆರಿಫೆರಲ್ ನೋಡ್‌ನಲ್ಲಿ ಆಕ್ಸೆಸ್-ಕಂಟ್ರೋಲರ್ಸ್ ಗುಣಕ್ಕೆ ಅದೇ ಐಡಿ ಕೊಡಿ. ಆ ಬಿಟ್‌ಗಳು 11 ಅಲ್ಲದಿದ್ದರೆ ಕರ್ನೆಲ್ ಆ ಡ್ರೈವರನ್ನು ಪ್ರೋಬ್ ಮಾಡುವುದಿಲ್ಲ (ಚಾಲೂ ಮಾಡುವುದಿಲ್ಲ), ಹಾಗೆಂದು ಲಾಗ್‌ನಲ್ಲೂ ಹೇಳುತ್ತದೆ.

ಆದರೆ ಇಲ್ಲಿಗೆ ಕಾವಲು ಪೂರ್ತಿಯಾಗಲಿಲ್ಲ. ಬಹುತೇಕ ತಪ್ಪುಗಳು ಇದರ ಮುಂದೆಯೇ ಆಗುವುದು. ಇಟಿಝಡ್‌ಪಿಸಿ ಪಿನ್ನುಗಳನ್ನು ಕಾಯುವುದಿಲ್ಲ. ಈ ಚಿಪ್‌ನಲ್ಲಿ ಸೆಕ್ಯೂರ್ ಮಾಡಲು ಬರುವುದು ಝಡ್ ಪೋರ್ಟಿನ 8 ಪಿನ್ನುಗಳು ಮಾತ್ರ. ಯುಎಸ್‌ಎಆರ್‌ಟಿ1ನ್ನು ಬೇರೆ ಪೋರ್ಟಿನಲ್ಲಿ ಹೊರತಂದರೆ, ಪೆರಿಫೆರಲ್‌ಗೆ ಕಾವಲಿದ್ದರೂ ಲಿನಕ್ಸ್ ಆ ಪಿನ್ನನ್ನು ಜಿಪಿಐಒ (ಸಾಮಾನ್ಯ ಬಳಕೆಯ ಪಿನ್) ಆಗಿ ತಿರುಗಿಸಿಕೊಳ್ಳಬಲ್ಲದು. ಬೋರ್ಡ್ ವಿನ್ಯಾಸದ ದಿನವೇ ಇದನ್ನು ತೀರ್ಮಾನಿಸಿ. ಕ್ಲಾಕ್‌ಗೂ ಇದೇ ಮಾತು: ಕ್ಲಾಕ್ ನಿಯಂತ್ರಿಸುವ ಆರ್‌ಸಿಸಿಯ ಟಿಝಡ್‌ಇಎನ್ ಬಿಟ್ ಹಾಕದಿದ್ದರೆ ಲಿನಕ್ಸ್ ಕ್ಲಾಕನ್ನೇ ನಿಲ್ಲಿಸಬಹುದು. ಡಿಡಿಆರ್ ಮೆಮೊರಿಯ ಕಾವಲು ಬೇರೆ, ಅದು ಟಿಝಡ್‌ಸಿ-400 ಎಂಬ ಇನ್ನೊಂದು ಫೈರ್‌ವಾಲ್‌ನದು.

ಯುಎಆರ್‌ಟಿ4 ತಯಾರಕರ ಬೋರ್ಡ್‌ಗಳಲ್ಲಿ ಕನ್ಸೋಲ್, ಅಂದರೆ ಬೂಟ್ ಸಂದೇಶಗಳು ಕಾಣುವ ಪೋರ್ಟ್. ಅದನ್ನು ಎಂ4ಗೆ ಬಿಟ್ಟರೆ ಬೂಟ್ ನಿಂತಂತೆ ಕಾಣುತ್ತದೆ. ವಾಸ್ತವದಲ್ಲಿ ಲಿನಕ್ಸ್ ಓಡುತ್ತಲೇ ಇರುತ್ತದೆ. ಕರ್ನೆಲನ್ನು ದೂರುವ ಮೊದಲು ಈಥರ್‌ನೆಟ್‌ನಲ್ಲಿ ಲಾಗಿನ್ ಆಗಿ ಡಿಮೆಸೇಜ್ (dmesg, ಕರ್ನೆಲ್ ಲಾಗ್) ನೋಡಿ.