ಕರಿಗೆ ಕೊಂಬು ಬಂದರೆ ಕುರಿ: ನಾನು ಪದಬಂಧ ಕಟ್ಟಿದ್ದು ಹೀಗೆ

ಕನ್ನಡದಲ್ಲಿ ಇಂಗ್ಲಿಷ್ ಥರದ ಒಗಟಿನ ಪದಬಂಧ (ಸುಳಿವಿನಲ್ಲಿ ಅರ್ಥದ ಜೊತೆ ಪದದಾಟವೂ ಅಡಗಿರುವಂಥದ್ದು) ಆಗೋದೇ ಇಲ್ಲ ಎಂದು ನನಗೆ ಹೇಳದವರು ಉಡುಪಿಯಲ್ಲಿ ಕಡಿಮೆ. ಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್, ಇದೇ ಹೊಟ್ಟೆಪಾಡು. ಮಳೆಗಾಲದಲ್ಲಿ ಇದು ಯಾವುದೂ ಇರೋದಿಲ್ಲ. ಆ ಖಾಲಿ ಹೊತ್ತಿನಲ್ಲಿ ಶುರುವಾದ ಹುಚ್ಚು ಇದು. ಈಗ ವಾರಕ್ಕೊಂದು ಪದಬಂಧದ ಹಾಳೆ ಬರುತ್ತದೆ, ತನ್ನ ಖರ್ಚು ತಾನೇ ದುಡಿಯುತ್ತದೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ. ಪದಬಂಧ ಬಿಡಿಸೋದು ಹೇಗೆ ಅಂತ ಇಲ್ಲಿ ಹೇಳೋದಿಲ್ಲ. ಇದು ಸುಳಿವು ಕಟ್ಟುವವರಿಗೆ.

ಮೊದಲು ಎಲ್ಲರಂತೆ ನಾನೂ ಇಂಗ್ಲಿಷಿನ 15×15 ಚೌಕವನ್ನೇ ಎತ್ತಿಕೊಂಡೆ. ಒಂದು ಇಡೀ ಮಳೆಗಾಲ ಅದರಲ್ಲೇ ಹೋಯಿತು. ಅವರಿಗೆ ಇರೋದು 26 ಅಕ್ಷರ. ನಮ್ಮ 34 ವ್ಯಂಜನಕ್ಕೆ ಬರೀ ಕಾಗುಣಿತ ಹಾಕಿದರೇ ನಾನೂರು ದಾಟುತ್ತದೆ, ಒತ್ತಕ್ಷರ ಬೇರೆ. ಅಡ್ಡ ಪದದಲ್ಲಿ 'ರಿ' ಬಂದ ಮನೆಗೆ ಉದ್ದ ಪದದಲ್ಲೂ 'ರಿ'ಯೇ ಬರಬೇಕು, 'ರ' ನಡೆಯೋದಿಲ್ಲ. ಬಲಗಡೆಯ ಕೆಳಮೂಲೆ ನನಗೆ ಒಮ್ಮೆಯೂ ತುಂಬಲಿಲ್ಲ. ಕೊನೆಗೆ 9×9ಕ್ಕೆ ಇಳಿದೆ. 81 ಮನೆಯಲ್ಲಿ ಮೂವತ್ತರ ಹತ್ತಿರ ಕಪ್ಪು. ನೋಡಲು ಸ್ವಲ್ಪ ಬೋಳು, ಆದರೆ ಮುಗಿಯುತ್ತದೆ.

ನಡುವೆ ಸಾಫ್ಟ್‌ವೇರ್ ಮೇಲೂ ದುಡ್ಡು ಹಾಕಿದೆ. ಇಂಜಿನಿಯರಿಂಗ್ ಓದುವ ಹುಡುಗನಿಗೆ ಆರು ಸಾವಿರ ಕೊಟ್ಟ ನೆನಪು. ಅವನ ಪ್ರೋಗ್ರಾಂ ಒತ್ತಕ್ಷರವನ್ನು ಎರಡು ಮಾಡುತ್ತಿತ್ತು. ಅಬ್ಬಕ್ಕ ಎಂದು ಕೊಟ್ಟರೆ ಅ, ಬ್, ಬ, ಕ್, ಕ ಎಂದು ಐದು ಮನೆಯಲ್ಲಿ ಕೂರಿಸಿತು. ಹುಡುಗ ಒಳ್ಳೆಯವನು, ಆದರೆ ಪರೀಕ್ಷೆ ಬಂತು, ಹೋದ. ಈಗ ನನ್ನದು ಬರೀ ನೋಟ್‌ಬುಕ್. ಪದಗಳನ್ನು ಮೊದಲಕ್ಷರದಿಂದ ಅಲ್ಲ, ಕೊನೆಯ ಅಕ್ಷರದಿಂದ ಬರೆದಿಟ್ಟಿದ್ದೇನೆ. ರು, ಲು, ಳು, ಡು, ಸು ಇದ್ದ ಕಡೆ ಎರಡು ಪದ ಕೂಡಿಸೋದು ಸುಲಭ. ಉಳಿದ ಮೂಲೆಗಳಿಗೆ ನನ್ನ ಹತ್ತಿರ ಇನ್ನೊಂದು ಪಟ್ಟಿ ಇದೆ. ಅದು ಅಂಗಡಿ ಗುಟ್ಟು, ಬಿಡಿ.

ಚೌಕ ಸರಿಯಾಯಿತು, ಸುಳಿವು ಸರಿಯಾಗಲಿಲ್ಲ. ಇಂಗ್ಲಿಷಿನವರ ದೊಡ್ಡ ಆಯುಧ ಅಕ್ಷರ ಕಲೆಸೋದು. ನಮ್ಮ ಪದ ಮೂರೋ ನಾಲ್ಕೋ ಅಕ್ಷರದ್ದು, ಕಲೆಸಿದರೆ ಅರ್ಥವೇ ಬರೋದಿಲ್ಲ. ಬಂದರೂ ಒಂದೇ ನೋಟಕ್ಕೆ ಗುಟ್ಟು ರಟ್ಟು. ಇಷ್ಟು ವರ್ಷದಲ್ಲಿ ನನಗೆ ಮನಸ್ಸಿಗೆ ಒಪ್ಪುವಂಥದ್ದು ಸಿಕ್ಕಿದ್ದು ಬೆರಳೆಣಿಕೆ. "ಕೆಟ್ಟ ವಿಮಾನ ರಾಯಚೂರು ಜಿಲ್ಲೆಯಲ್ಲಿ ಇಳಿಯಿತು (3)". ಆವರಣದ ಅಂಕೆ ಉತ್ತರದಲ್ಲಿ ಎಷ್ಟು ಅಕ್ಷರ ಎಂಬುದು. 'ಕೆಟ್ಟ' ಎಂದರೆ ಕಲೆಸು, ವಿಮಾನ ಕಲೆಸಿದರೆ ಉತ್ತರ ಮಾನವಿ. ಇದನ್ನು ಈಗಲೂ ಜನ ನೆನಪಿಸುತ್ತಾರೆ.

ತಿರುಗಿಸಿ ಓದುವ ಪದಗಳು ಸ್ವಲ್ಪ ವಾಸಿ. ನದಿ ತಿರುಗಿದರೆ ದಿನ, ಗಜ ತಿರುಗಿದರೆ ಜಗ. "ಬೆನ್ನು ತಿರುಗಿಸಿದ ಮಂಗ ಇಂಪಾಗಿ ಹಾಡಿತು (2)" ಎಂದರೆ ಕಪಿ ತಿರುಗಿ ಪಿಕ, ಅಂದರೆ ಕೋಗಿಲೆ. "ರಥಬೀದಿಯಲ್ಲಿ ತೇರು ಹಿಂದಕ್ಕೆ ಬಂದರೆ ಅದೊಂದು ಬಗೆ (2)" ಎಂದರೆ ಥರ. ಚೆನ್ನಾಗಿದೆ ಅಲ್ವಾ? ಆದರೆ ಇಂಥವು ಬೇಗ ಮುಗಿದುಹೋಗುತ್ತವೆ. ಮೂರ್ನಾಲ್ಕು ತಿಂಗಳಲ್ಲಿ ನನ್ನ ಸರಕು ಖಾಲಿ.

ದಾರಿ ಸಿಕ್ಕಿದ್ದು ಒಂದನೇ ಕ್ಲಾಸಿನ ಕಾಗುಣಿತದಲ್ಲಿ. ತಲಕಟ್ಟು, ಇಳಿ, ಗುಡಿಸು, ಕೊಂಬು, ಸೊನ್ನೆ. ಪ್ರತಿಯೊಂದಕ್ಕೂ ಬೇರೆ ಅರ್ಥವೂ ಇದೆ. ಪ್ರಾಣಿಗೂ ಕೊಂಬು ಇದೆ, ಲೆಕ್ಕದಲ್ಲೂ ಸೊನ್ನೆ ಇದೆ, ಬೆಟ್ಟ ಇಳಿಯಬಹುದು. ಇಂಗ್ಲಿಷಿಗೆ ಈ ಭಾಗ್ಯ ಎಲ್ಲಿದೆ? "ಆನೆಗೆ ಕೊಂಬು ಬಂದರೆ ಬ್ಯಾ ಎನ್ನುತ್ತದೆ (2)". ಕರಿಯ 'ಕ'ಗೆ ಕೊಂಬು ಕೊಡಿ, ಕುರಿ. "ಮಲೆ ಇಳಿದು ಬಂದವನ ಕೊರಳಿಗೆ (2)", ಮಾಲೆ. "ದಡದ ನಡುವೆ ಸೊನ್ನೆ ಸಿಕ್ಕಿದರೂ ಫೈನ್ ಕಟ್ಟಬೇಕು (2)", ದಂಡ. ಕಂಬಳಿಯ ಗುಡಿಸು ಕಳಚಿದರೆ ಕೋಣ ಓಡುತ್ತದೆ, ಕಂಬಳ. ನನಗೆ ಎಲ್ಲಕ್ಕಿಂತ ಇಷ್ಟದ್ದು ನಮ್ಮೂರಿನದ್ದೇ: "ಬಟ್ಟೆಯ ಕೊಂಬು ಮುರಿದು ಗುಡಿ ಕಟ್ಟಿದರೆ ಅಷ್ಟಮಠದ ಊರು (3)". ಉಡುಪು ಹೋಗಿ ಉಡುಪಿ. ಇದನ್ನು ಕಟ್ಟಿದ ದಿನ ನಾನು ಅಂಗಡಿ ಬೇಗ ಮುಚ್ಚಿದೆ, ಖುಷಿಗೆ.

ಕಾಗುಣಿತದ ಸುಳಿವಿನಲ್ಲಿ ಒಂದು ಎಚ್ಚರ ಬೇಕು. ಯಾವ ಅಕ್ಷರಕ್ಕೆ ಕೊಂಬು ಎಂದು ವಾಕ್ಯವೇ ಸೂಚಿಸಬೇಕು, ಇಲ್ಲವೇ ಒಂದೇ ಕಡೆ ಹಾಕಲು ಸಾಧ್ಯವಿರಬೇಕು. ಇಲ್ಲದಿದ್ದರೆ ಜಗಳ ಗ್ಯಾರಂಟಿ.

ಆಮೇಲೆ ಹಿಡಿದದ್ದು ಸಂಧಿ. "ಅಬ್ಬ! ಅಕ್ಕನ ಜೊತೆ ಸೇರಿ ಪೋರ್ಚುಗೀಸರನ್ನು ಎದುರಿಸಿದಳು (3)", ಉಳ್ಳಾಲದ ಅಬ್ಬಕ್ಕ. "ಕಾಗದ ಒಡೆ, ಒಳಗೆ ಕೆಸುವಿನ ಎಲೆ ಇದೆ (3)", ಪತ್ರ ಮತ್ತು ಒಡೆ ಸೇರಿ ಪತ್ರೊಡೆ. ಇದರಲ್ಲಿ ಒಂದು ಕಷ್ಟ: ನಡುವಿನ 'ತ್ರೊ' ಮನೆಗೆ ಇನ್ನೊಂದು ಪದ ಕೂಡಿಸಲು ಹೋದರೆ ರಾತ್ರಿ ನಿದ್ದೆ ಇಲ್ಲ. ಆ ಮನೆಯ ಮೇಲೆ ಕೆಳಗೆ ಕಪ್ಪು ಹಾಕಿಬಿಡಿ. ಅಬ್ಬಕ್ಕ ಹಾಗಲ್ಲ, 'ಕ್ಕ'ಗೆ ಚಿಕ್ಕ, ಪಕ್ಕ, ಲೆಕ್ಕ ಬೇಕಾದಷ್ಟಿವೆ. ಕಾರ್ಕಳವನ್ನು ಕಾರ್ ಮತ್ತು ಕಳ ಎಂದು ಒಡೆಯುವ ಆಸೆ ನನಗಿತ್ತು. ಅದು ಒಡೆಯೋದು ಮನೆಯ ಗೆರೆಯಲ್ಲಲ್ಲ, 'ರ್ಕ'ದ ಹೊಟ್ಟೆಯಲ್ಲಿ. ಕೈಬಿಟ್ಟೆ. ಗೋಳಿಬಜೆ ಮಾತ್ರ ಸಲೀಸು. "ಆಲದ ಮರ, ಮಗುವಿಗೆ ತೇಯುವ ಬೇರು, ಸಂಜೆಯ ಚಹಾಕ್ಕೆ (4)".

ಸಾಮಾನ್ಯ ಜ್ಞಾನದ ಸುಳಿವಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಡಕ್. "ಮೊದಲ ಕನ್ನಡ ಪತ್ರಿಕೆ" ಎಂದು ಕೇಳೋದು ಸುಳಿವಲ್ಲ, ಪ್ರಶ್ನೆಪತ್ರಿಕೆ. ಗೊತ್ತಿದ್ದವನಿಗೆ ಮಜಾ ಇಲ್ಲ, ಗೊತ್ತಿಲ್ಲದವನಿಗೆ ದಾರಿ ಇಲ್ಲ. ಅದನ್ನೇ "1843ರಲ್ಲಿ ಮಂಗಳೂರ ಕಡೆ ಎಂತ ಸುದ್ದಿ? (4)" ಎಂದು ಕೇಳಿದೆ. ಮೋಗ್ಲಿಂಗ್ ಸಾಹೇಬರ 'ಮಂಗಳೂರ ಸಮಾಚಾರ' ಗೊತ್ತಿಲ್ಲದವರೂ ಸುದ್ದಿ ಎಂಬ ಮಾತಿನಿಂದ 'ಸಮಾಚಾರ'ಕ್ಕೆ ಬಂದರು. ಇನ್ನೊಂದು: "1931ರಲ್ಲಿ ಮಂಗಳೂರಲ್ಲಿ ಹುಟ್ಟಿ, 2019ರಲ್ಲಿ ಬರೋಡಾ ಸೇರಿದಳು (3)". ಉತ್ತರ ವಿಜಯಾ, ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ಬ್ಯಾಂಕು. ಒಬ್ಬರು ಯಾರ ಮನೆ ಮದುಮಗಳು ಎಂದು ಗಂಭೀರವಾಗಿ ಕೇಳಿದರು. ವಿಜಯಾ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಗಿರಾಕಿಯೊಬ್ಬರು ಮಾತ್ರ ಉತ್ತರ ಬರೆದು, "ಇದು ನಗಾಡುವ ವಿಷಯ ಅಲ್ಲ ಮಾರಾಯ್ರೆ" ಎಂದು ಹೋದರು.

ಇನ್ನು ದುಡ್ಡು. ಮೊದಲು ಒಂದು ವಾರಪತ್ರಿಕೆಗೆ ಕಳಿಸಿದೆ. ಒಂದು ಪದಬಂಧಕ್ಕೆ ನೂರೈವತ್ತು ಎಂದರು. ಎರಡು ಹಾಕಿದರು, ಓದುಗರಿಗೆ ಕಷ್ಟ ಎಂದು ಮೂರನೆಯದನ್ನು ವಾಪಸ್ ಕಳಿಸಿದರು. ಹಠಕ್ಕೆ ಬಿದ್ದು ಪುಸ್ತಕ ಮಾಡಿದೆ. ಐನೂರು ಪ್ರತಿ, ಮುದ್ರಣ ನನ್ನ ಪರಿಚಯದಲ್ಲೇ ಆದರೂ ಇಪ್ಪತ್ತು ಸಾವಿರ ದಾಟಿತು. ಬೆಲೆ ಅರವತ್ತು, ಅಂಗಡಿಯವರಿಗೆ ಅದರಲ್ಲಿ ನೂರಕ್ಕೆ ನಲವತ್ತು. ನೂರು ಚಿಲ್ಲರೆ ಪ್ರತಿ ಹೋಯಿತು. ಉಳಿದವು ಅಟ್ಟದಲ್ಲಿ, ಗೆದ್ದಲಿಗೆ ನನ್ನ ಸುಳಿವುಗಳು ಚೆನ್ನಾಗಿ ಅರ್ಥವಾದವು. ಮನೆಯವಳು ಈಗಲೂ ಅಟ್ಟದ ಕಡೆ ಕೈ ತೋರಿಸುತ್ತಾಳೆ.

ಪುಸ್ತಕ ಯಾಕೆ ಸೋತಿತು ಎಂದರೆ, ಒಬ್ಬನೇ ಕೂತು ಬಿಡಿಸಿದವನಿಗೆ ಎರಡನೇ ಸುಳಿವಿಗೇ ಸಾಕಾಗಿ, ಕೊನೆಯ ಪುಟದ ಉತ್ತರ ನೋಡುತ್ತಾನೆ. ಅಲ್ಲಿಗೆ ಮುಗಿಯಿತು. ಹಾಳೆಯಲ್ಲಿ ನಾನು ಉತ್ತರ ಹಾಕೋದೇ ಇಲ್ಲ. ಹೋಟೆಲ್, ಕಟಿಂಗ್ ಸೆಲೂನ್, ಮೆಡಿಕಲ್ ಶಾಪ್‌ಗಳಲ್ಲಿ ಸುಮ್ನೆ ಇಡುತ್ತೇನೆ. ಉತ್ತರ ಮುಂದಿನ ಶನಿವಾರ ಅದೇ ಅಂಗಡಿಯ ಗೋಡೆಯಲ್ಲಿ. ನೋಡಬೇಕಾದರೆ ಗಿರಾಕಿ ಮತ್ತೆ ಬರಲೇಬೇಕು. ಇದನ್ನು ಹೇಳಿದ ಮೇಲೆಯೇ ಅಂಗಡಿಯವರು ಜಾಹೀರಾತು ಕೊಡಲು ಒಪ್ಪಿದ್ದು. ಅಡಿಯಲ್ಲಿ ನಾಲ್ಕು ಜಾಹೀರಾತು, ಒಂದಕ್ಕೆ ಇನ್ನೂರೈವತ್ತು. ಮುನ್ನೂರು ಹಾಳೆಗೆ ನಾನೂರೈವತ್ತರಷ್ಟು ಖರ್ಚು. ಬಹುಮಾನ ಇಬ್ಬರಿಗೆ ಗಡ್‌ಬಡ್ ಐಸ್‌ಕ್ರೀಂ, ಅದಕ್ಕೆ ಹೆಚ್ಚುಕಡಿಮೆ ಮುನ್ನೂರು. ಸ್ಕೂಟರಿಗೆ ಪೆಟ್ರೋಲ್ ಕಳೆದು ಇನ್ನೂರು ಉಳಿದರೆ ಪುಣ್ಯ. ಶ್ರೀಮಂತನಾಗಿಲ್ಲ, ಆದರೆ ಕೈಯಿಂದ ಹೋಗೋದು ನಿಂತಿತು. ಸೆಲೂನಿನಲ್ಲಿ ಕಾಯುವವರು ಮೊಬೈಲ್ ಬಿಟ್ಟು ಹಾಳೆಗೆ ಬಗ್ಗೋದನ್ನು ನಾನೇ ನೋಡಿದ್ದೇನೆ.

ನಡುವೆ ಪೂರ್ತಿ ತುಳುವಿನಲ್ಲೊಂದು ಹಾಳೆ ಮಾಡಿದೆ. ಭಾರೀ ಗಲಾಟೆ. 'ಬತ್ತೆ' ಎಂದರೆ ನಾನು ಬಂದೆ ಅಂತಲೋ ಅವನು ಬಂದ ಅಂತಲೋ? ಬಾಯಲ್ಲಿ ಬೇರೆ, ಕನ್ನಡ ಲಿಪಿಯಲ್ಲಿ ಒಂದೇ. ಆರು ಸಂಪುಟದ ತುಳು ನಿಘಂಟು ತಂದು ತೋರಿಸಿದರೂ, "ನಮ್ಮ ಕಡೆ ಹಾಗೆ ಹೇಳೋದಿಲ್ಲ" ಎಂದರು. ಈಗ ತುಳುವನ್ನು ಒಂದೊಂದೇ ಸುಳಿವಿನಲ್ಲಿ ಬೆರೆಸುತ್ತೇನೆ. "ಮಲ್ಪೆಯಲ್ಲಿ ಮೀನಿಗೆ ಹಾಕಿದ್ದು, ತುಳುವರು ನೆಂಟರಿಗೆ ಹೇಳಿದ್ದು (2)". ಬಲೆ, ತುಳುವಿನಲ್ಲಿ ಬನ್ನಿ ಎಂದು. ಇದಕ್ಕೆ ಯಾರೂ ತಕರಾರು ಮಾಡಲಿಲ್ಲ.

ಮಂಗಳೂರಿನಿಂದ ಇಬ್ಬರು ಬಂದು ಹಂಪನಕಟ್ಟೆ ಕಡೆಗೂ ಇಂಥದ್ದೊಂದು ಮಾಡಿಕೊಡಿ ಎಂದು ಕೇಳಿದ್ದಾರೆ. ಅಲ್ಲಿ ಕೊಂಕಣಿ, ಬ್ಯಾರಿ ಮಾತೂ ಬೆರೆಯಬೇಕಾಗುತ್ತದೆ. ಸುಳಿವು ನಾನು ಕಟ್ಟುತ್ತೇನೆ, ಜಾಹೀರಾತು ನೀವು ತನ್ನಿ ಎಂದಿದ್ದೇನೆ. ದರ ಮಾತ್ರ ಮುನ್ನೂರು, ಹೆದ್ದಾರಿಯಲ್ಲಿ ಟೋಲ್ ಇದೆಯಲ್ಲ.