ಹಳೆ ಬೊಲೆರೊ ಪಿಕಪ್ ತಗೊಂಡಿದ್ದೀರಾ? ಲೋಡ್ ಹಾಕುವ ಮೊದಲು ಇಷ್ಟು ಮಾಡಿ

ಸೆಕೆಂಡ್ ಹ್ಯಾಂಡ್ ಪಿಕಪ್ ಮನೆಗೆ ಬಂದ ಮೇಲೆ ಮೊದಲ ಕೆಲಸ ಅಂದರೆ ಮಾರಿದವರು ಹೇಳಿದ್ದನ್ನೆಲ್ಲ ಮರೆಯುವುದು. "ಮೊನ್ನೆ ತಾನೆ ಆಯಿಲ್ ಚೇಂಜ್ ಆಗಿದೆ, ಏನೂ ಮುಟ್ಟಬೇಡಿ" ಅಂತ ಹೇಳಿರುತ್ತಾರೆ. ಬಿಲ್ ಕೇಳಿದರೆ ಇರುವುದಿಲ್ಲ. ಮೀಟರ್ ತೋರಿಸುವ ಕಿಲೋಮೀಟರನ್ನೂ ನಂಬುವ ಹಾಗಿಲ್ಲ, ಕೆಲವು ಗಾಡಿಗಳಲ್ಲಿ ಮೀಟರ್ ಕೇಬಲ್ಲೇ ಕಿತ್ತುಹೋಗಿ ಎಷ್ಟು ಕಾಲ ಆಗಿದೆಯೋ ಯಾರಿಗೂ ಗೊತ್ತಿರಲ್ಲ. ಆದ್ದರಿಂದ ಎಲ್ಲ ಆಯಿಲ್, ಎಲ್ಲ ಫಿಲ್ಟರ್ ಒಂದೇ ಸಲ ಬದಲಿಸಿಬಿಡಿ. ಲೆಕ್ಕ ಅಲ್ಲಿಂದ ಶುರು ಮಾಡಿ. ಹೊಸ ಪೇಂಟು, ಸೀಟ್ ಕವರ್, ಮ್ಯೂಸಿಕ್ ಸಿಸ್ಟಂ ಎಲ್ಲ ಆಮೇಲೆ.

ನಾನು ಇಲ್ಲಿ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು 2523 ಸಿಸಿ ಡಿಐ (ಡೈರೆಕ್ಟ್ ಇಂಜೆಕ್ಷನ್) ಡೀಸೆಲ್ ಎಂಜಿನ್ ಇರುವ ಹಳೆ ಮಹೀಂದ್ರ ಬೊಲೆರೊ ಪಿಕಪ್. ಟಾಟಾ 207 ಇಟ್ಟುಕೊಂಡವರಿಗೂ ಹೆಚ್ಚುಕಡಿಮೆ ಇದೇ ಕೆಲಸ. ಡೀಸೆಲ್ ಗಾಡಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಹಾಗಾಗಿ ಟ್ಯೂನಿಂಗ್ ಅಂದರೆ ಪ್ಲಗ್ ಬದಲಿಸಿ ಮುಗಿಸುವ ಕೆಲಸ ಅಲ್ಲ. ಶುದ್ಧ ಗಾಳಿ, ನೀರು ಸೇರದ ಡೀಸೆಲ್, ಸರಿಯಾದ ಟ್ಯಾಪೆಟ್ (ವಾಲ್ವ್‌ಗಳ ಮೇಲಿನ ಸಣ್ಣ ಗ್ಯಾಪ್), ಈ ಮೂರು ನೋಡಿಕೊಂಡರೆ ಮುಕ್ಕಾಲು ಕೆಲಸ ಆದಂತೆ.

ಎಂಜಿನ್ ಆಯಿಲ್‌ನಿಂದ ಶುರು ಮಾಡಿ. ಗಾಡಿ ಸಮ ಜಾಗದಲ್ಲಿ ನಿಲ್ಲಿಸಿ, ಸ್ವಲ್ಪ ಹೊತ್ತು ಎಂಜಿನ್ ಓಡಿಸಿ, ಬೆಚ್ಚಗಾದ ಮೇಲೆ ಆಫ್ ಮಾಡಿ ಡ್ರೈನ್ ಬೋಲ್ಟ್ ಬಿಚ್ಚಿ, ಬಿಸಿ ಆಯಿಲ್ ಕೆಸರನ್ನೂ ಎಳೆದುಕೊಂಡು ಇಳಿಯುತ್ತದೆ. ಇಂಥ ಹಳೆ ಡೀಸೆಲ್ ಎಂಜಿನ್‌ಗೆ ಸಾಮಾನ್ಯವಾಗಿ 15ಡಬ್ಲ್ಯೂ-40 ಹಾಕುತ್ತಾರೆ. ಆಯಿಲ್ ಫಿಲ್ಟರ್ ಜೊತೆಗೇ ಬದಲಿಸಿ, ಹೊಸ ಫಿಲ್ಟರಿನ ರಬ್ಬರ್ ರಿಂಗ್‌ಗೆ ಒಂದು ಬೆರಳು ಆಯಿಲ್ ಸವರಿ ಕೈಯಲ್ಲೇ ಬಿಗಿ ಮಾಡಿ. ಹೊಸ ಆಯಿಲ್ ಬೇಗ ಕಪ್ಪಾಯಿತು ಅಂತ ಗಾಬರಿ ಬೇಡ, ಡೀಸೆಲ್ ಎಂಜಿನ್‌ನಲ್ಲಿ ಮಸಿ ಸೇರಿ ಬೇಗ ಕಪ್ಪಾಗುವುದು ಸಹಜ. ಗಾಬರಿ ಆಗಬೇಕಾದ್ದು ಡಿಪ್‌ಸ್ಟಿಕ್‌ನಲ್ಲಿ ಅಥವಾ ಆಯಿಲ್ ಹಾಕುವ ಮುಚ್ಚಳದ ಕೆಳಗೆ ಹಾಲು ಬೆರೆಸಿದ ಕಾಫಿ ಬಣ್ಣ ಕಂಡರೆ. ಆಯಿಲ್‌ಗೆ ನೀರು ಸೇರುತ್ತಿದೆ ಅಂತ ಅರ್ಥ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೋಗಿರಬಹುದು. ಹಾಗಿದ್ದರೆ ಗಾಡಿ ಓಡಿಸಬೇಡಿ, ನೇರ ಮೆಕ್ಯಾನಿಕ್ ಕರೆಸಿ.

ಗೇರ್‌ಬಾಕ್ಸ್ ಮತ್ತು ಹಿಂದಿನ ಹೌಸಿಂಗ್ (ಹಿಂಚಕ್ರಗಳ ನಡುವಿನ ಆಕ್ಸಲ್ ಗುಂಡು) ಆಯಿಲ್ ಜನ ಮರೆಯುವ ಜಾಗ. ಲೋಡ್ ಎಳೆಯುವ ಗಾಡಿಗೆ ಹೌಸಿಂಗ್ ಒಳಗೆ ಚಕ್ರ ತಿರುಗಿಸುವ ಗೇರ್, ಅಂದರೆ ಕ್ರೌನ್ ಪಿನಿಯನ್ನೇ ಪ್ರಾಣ. ಯಾವ ಗ್ರೇಡ್ ಅನ್ನೋದು ಗಾಡಿಯ ಪುಸ್ತಕದಲ್ಲಿದೆ, ಹೌಸಿಂಗ್‌ಗೆ ಸಾಮಾನ್ಯವಾಗಿ ಇಪಿ 90. ಇಲ್ಲೊಂದು ಕಿವಿಮಾತು: ಡ್ರೈನ್ ಬೋಲ್ಟ್ ಬಿಚ್ಚುವ ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿ ನೋಡಿ. ಮೇಲಿನದು ತುಕ್ಕು ಹಿಡಿದು ಬರದೇ ಹೋದರೆ, ಖಾಲಿ ಮಾಡಿದ ಹೌಸಿಂಗ್‌ಗೆ ಆಯಿಲ್ ತುಂಬುವುದು ಹೇಗೆ?

ಏರ್ ಫಿಲ್ಟರ್ ವಿಷಯಕ್ಕೆ ಬರೋಣ. ನಮ್ಮ ಮಣ್ಣು ರಸ್ತೆಗಳಲ್ಲಿ, ಅದರಲ್ಲೂ ಕ್ರಷರ್, ಇಟ್ಟಿಗೆ ಭಟ್ಟಿ ಕಡೆ ಓಡುವ ಗಾಡಿಗಳಲ್ಲಿ, ಮೊದಲು ಸಾಯುವುದು ಇದೇ. ಕಂಪ್ರೆಸರ್ ಗಾಳಿ ಹೊಡೆಸುವಾಗ ಒಳಗಿನಿಂದ ಹೊರಕ್ಕೆ ಹೊಡೆಸಬೇಕು, ಹೊರಗಿನಿಂದ ಹೊಡೆದರೆ ಧೂಳು ಕಾಗದದ ಒಳಕ್ಕೇ ಸೇರಿಕೊಳ್ಳುತ್ತದೆ. ಆಮೇಲೆ ಫಿಲ್ಟರ್ ಒಳಗೆ ಮೊಬೈಲ್ ಟಾರ್ಚ್ ಹಿಡಿದು ಹೊರಗಿನಿಂದ ನೋಡಿ, ಸೂಜಿ ಮೊನೆಯಷ್ಟು ಬೆಳಕು ನೇರವಾಗಿ ಬಂದರೂ ಎಸೆದುಬಿಡಿ. ಫಿಲ್ಟರ್‌ನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಹೋಸ್ ಸೀಳಿದ್ದರೆ ಫಿಲ್ಟರ್ ಇದ್ದೂ ಇಲ್ಲದ ಹಾಗೆ, ಧೂಳು ನೇರ ಪಿಸ್ಟನ್‌ಗೆ. ಪಿಕಪ್‌ಗೆ ಪಿಕಪ್ಪೇ ಇಲ್ಲ, ಕಪ್ಪು ಹೊಗೆ ಜಾಸ್ತಿ ಅಂತ ಡೀಸೆಲ್ ಪಂಪ್ ಬಿಚ್ಚಿಸಲು ಹೊರಡುವ ಮೊದಲು ಈ ಫಿಲ್ಟರ್ ನೋಡಿ.

ಹೊಗೆಯ ಬಣ್ಣ ಓದಲು ಕಲಿತರೆ ದುಡ್ಡು ಉಳಿಯುತ್ತದೆ. ಕಪ್ಪು ಅಂದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಜಾಸ್ತಿ. ನೀಲಿ ಅಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆ ಇಲ್ಲ, ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಕೂಲಂಟ್ ಕೂಡ ಕಡಿಮೆ ಆಗುತ್ತಿದ್ದರೆ ಮತ್ತೆ ಹೆಡ್ ಗ್ಯಾಸ್ಕೆಟ್ ಮೇಲೇ ಅನುಮಾನ.

ಡೀಸೆಲ್ ಫಿಲ್ಟರ್ ಕೆಳಗೆ ನೀರು ಬಿಡುವ ಸ್ಕ್ರೂ ಇರುತ್ತದೆ. ಮಳೆಗಾಲದಲ್ಲಿ ಅದನ್ನು ಆಗಾಗ ಸಡಿಲಿಸಿ, ಕೆಳಗೆ ಗಾಜಿನ ಲೋಟ ಹಿಡಿಯಿರಿ. ನೀರು ಇದ್ದರೆ ಡೀಸೆಲ್‌ಗಿಂತ ಕೆಳಗೆ ಬೇರೆಯಾಗಿ ನಿಲ್ಲುವುದು ಕಣ್ಣಿಗೇ ಕಾಣುತ್ತದೆ. ಈ ನೀರು ಎಂಜಿನ್‌ಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗೆ ಹೋದರೆ ಖರ್ಚು ಫಿಲ್ಟರ್ ಬೆಲೆಯ ಎಷ್ಟೋ ಪಟ್ಟು. ಫಿಲ್ಟರ್ ಬದಲಿಸಿದ ಮೇಲೆ ಲೈನಿನಲ್ಲಿ ಗಾಳಿ ಸೇರಿ ಗಾಡಿ ಸ್ಟಾರ್ಟ್ ಆಗಲ್ಲ, ಸುಮ್ನೆ ಸೆಲ್ಫ್ ಹೊಡೆದು ಬ್ಯಾಟರಿ ಇಳಿಸಬೇಡಿ. ಏರ್ ಬಿಡುವ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪ್ ಒತ್ತುತ್ತಾ ಹೋಗಿ, ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಿ. ಆದರೆ ನಿಮ್ಮದು ಕಾಮನ್ ರೈಲ್ (ಭಾರೀ ಪ್ರೆಷರ್‌ನಲ್ಲಿ ಡೀಸೆಲ್ ಹೊಡೆಯುವ ಹೊಸ ಬಗೆಯ ಎಂಜಿನ್) ಗಾಡಿಯಾದರೆ ಎಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ಪೈಪ್ ಮಾತ್ರ ಸಡಿಲಿಸಬೇಡಿ. ಹಳೆ ಗಾಡಿಯಲ್ಲಿ ಮೆಕ್ಯಾನಿಕ್‌ಗಳು ಮಾಡುತ್ತಿದ್ದ ಉಪಾಯ ಅದು, ಕಾಮನ್ ರೈಲ್‌ನ ಪ್ರೆಷರ್‌ಗೆ ಡೀಸೆಲ್ ಚರ್ಮ ಸೀಳಿ ಮೈಯೊಳಗೇ ಹೋಗುತ್ತದೆ.

ಟ್ಯಾಪೆಟ್ ಹೊಂದಿಸುವುದು ತಾಳ್ಮೆಯ ಕೆಲಸ. ಗ್ಯಾಪ್ ಎಷ್ಟಿರಬೇಕು, ಎಂಜಿನ್ ತಣ್ಣಗಿರಬೇಕೋ ಬಿಸಿ ಇರಬೇಕೋ ಎರಡನ್ನೂ ಪುಸ್ತಕ ನೋಡಿಯೇ ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹಾಕಿ. ಟಕಟಕ ಶಬ್ದ ನಿಲ್ಲಲಿ ಅಂತ ಕಿವಿ ಅಂದಾಜಿನಲ್ಲಿ ಬಿಗಿ ಮಾಡುವವರಿದ್ದಾರೆ, ಅದು ತಪ್ಪು. ಗ್ಯಾಪ್ ತೀರಾ ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಸ್ವಲ್ಪ ಶಬ್ದ ಇದ್ದರೆ ಇರಲಿ ಬಿಡಿ.

ಇನ್ನು ಕೂಲಿಂಗ್. ಕೋಲಾರದ ಕಡೆಯ ಬೋರ್‌ವೆಲ್ ನೀರು ಗೊತ್ತಲ್ಲ, ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ರೇಡಿಯೇಟರ್ ಒಳಗೂ ಅದೇ ಆಗುವುದು. ಹಳೆ ನೀರು ಪೂರ್ತಿ ಇಳಿಸಿ, ತುಕ್ಕು ಬಣ್ಣ ಹೋಗುವವರೆಗೂ ತೊಳೆದು, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಡಬ್ಬದ ಮೇಲೆ ಹೇಳಿದ ಅಳತೆಯಲ್ಲಿ ಹಾಕಿ. ಮುಚ್ಚಳ ತೆಗೆಯುವುದು ಎಂಜಿನ್ ತಣ್ಣಗಾದ ಮೇಲೆ ಮಾತ್ರ. ಇನ್ನೊಂದು, ಗಾಡಿ ಹೀಟ್ ಆಗುತ್ತೆ ಅಂತ ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್‌ಗೆ ಕೂಲಂಟ್ ಬಿಡುವ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಬಿಸಾಡುವ ಚಾಳಿ ಇದೆ. ನಿಮ್ಮ ಗಾಡಿಯಲ್ಲಿ ಅದು ಇದೆಯೋ ಇಲ್ಲವೋ ಬಿಚ್ಚಿಸಿ ನೋಡಿ. ಇಲ್ಲದಿದ್ದರೆ ಎಂಜಿನ್ ಬೇಗ ಬಿಸಿಯೇರದೆ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಹೀಟ್ ಆಗಲು ಇದ್ದ ಅಸಲಿ ಕಾರಣ ಹಾಗೇ ಉಳಿದಿರುತ್ತದೆ. ಫ್ಯಾನ್ ಬೆಲ್ಟ್‌ನಲ್ಲಿ ಬಿರುಕಿದ್ದರೆ ಬದಲಿಸಿ, ಹಳೆಯದನ್ನು ಸೀಟಿನ ಹಿಂದೆ ಇಟ್ಟುಕೊಳ್ಳಿ.

ಬ್ಯಾಟರಿ ಬೇಗ ಹೇಳಿ ಮುಗಿಸುತ್ತೇನೆ. ಟರ್ಮಿನಲ್ ಮೇಲೆ ಹಸಿರು ಬಿಳಿ ಪುಡಿ ಕೂತಿದ್ದರೆ ಮೊದಲು ನೆಗೆಟಿವ್ ಕೇಬಲ್ ಬಿಚ್ಚಿ, ಆಮೇಲೆ ಪಾಸಿಟಿವ್, ಬಿಸಿನೀರಿಗೆ ಅಡುಗೆ ಸೋಡ ಹಾಕಿ ಉಜ್ಜಿ. ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, ಎಂಜಿನ್ ಓಡುವಾಗ 14ರ ಹತ್ತಿರ. ಎಂಜಿನ್‌ನಿಂದ ಚಾಸಿಸ್‌ಗೆ ಬರುವ ಅರ್ತ್ ಕೇಬಲ್ ಬಿಗಿ ಇದೆಯಾ ನೋಡಿ, ಸೆಲ್ಫ್ ಸೋಮಾರಿಯಾಗಿ ತಿರುಗಲು ಎಷ್ಟೋ ಸಲ ಅದೇ ಕಾರಣ.

ಈಗ ಗಾಡಿ ಕೆಳಗೆ. ಬರೀ ಜಾಕಿ ನಂಬಿ ಕೆಳಗೆ ತೂರಬೇಡಿ, ಸ್ಟ್ಯಾಂಡ್ ಕೊಡಿ, ನೆಲದ ಮೇಲಿರುವ ಚಕ್ರಗಳಿಗೆ ಕಲ್ಲು ಇಡಿ. ಗ್ರೀಸ್ ಗನ್ ಒಂದು ಸ್ವಂತಕ್ಕೆ ಕೊಂಡುಕೊಳ್ಳಿ, ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಉಪಯೋಗಕ್ಕೆ ಬರುವ ಸಾಮಾನು ಇನ್ನೊಂದಿಲ್ಲ. ಗೇರ್‌ಬಾಕ್ಸ್‌ನಿಂದ ಹಿಂದಿನ ಹೌಸಿಂಗ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಅದರ ಜಾಯಿಂಟ್), ಕಮಾನ್ ಪ್ಲೇಟಿನ (ಲೀಫ್ ಸ್ಪ್ರಿಂಗ್) ಶ್ಯಾಕಲ್ ಪಿನ್, ಸ್ಟೀರಿಂಗ್ ಜಾಯಿಂಟ್, ಎಲ್ಲೆಲ್ಲಿ ಗ್ರೀಸ್ ತುಂಬುವ ನಿಪ್ಪಲ್ ಇದೆಯೋ ಮೊದಲು ಮಣ್ಣು ಒರೆಸಿ, ಹಳೆ ಗ್ರೀಸ್ ಹೊರಗೆ ಬರುವವರೆಗೂ ಹೊಡೆಯಿರಿ. ನೀರಿನಲ್ಲಿ ಸರ್ವಿಸ್ ಮಾಡಿಸಿದ ಮೇಲೆ ಮತ್ತೆ ಹೊಡೆಯಿರಿ. ಶಾಫ್ಟನ್ನು ಕೈಯಲ್ಲಿ ಹಿಡಿದು ಆಚೀಚೆ ತಿರುಗಿಸಿದಾಗ ಕ್ರಾಸ್ ಹತ್ತಿರ ಆಟ ಕಂಡರೆ, ಅಥವಾ ಗೇರ್ ಹಾಕಿ ಕ್ಲಚ್ ಬಿಡುವಾಗ 'ಟಣ್' ಅಂತ ಬಡಿದರೆ, ಕ್ರಾಸ್ ಬದಲಿಸುವ ಕಾಲ ಬಂದಿದೆ.

ಕಮಾನ್ ಪ್ಲೇಟ್ ಎಣಿಸಿ ನೋಡಿ. ಹಿಂದಿನ ಮಾಲೀಕರು ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿದ್ದರೆ ಗಾಡಿ ಮಿತಿಮೀರಿ ಲೋಡ್ ಹೊತ್ತಿದೆ ಅಂತಲೇ ತಿಳಿಯಿರಿ. ಚಾಸಿಸ್ ಬಿರುಕು, ವೆಲ್ಡಿಂಗ್ ಗುರುತು ಹುಡುಕಿ. ಪ್ಲೇಟ್ ಜಾಸ್ತಿಯಾದ ಮಾತ್ರಕ್ಕೆ ಬ್ರೇಕ್ ದೊಡ್ಡದಾಗಲ್ಲ ಅಲ್ವಾ?

ಬ್ರೇಕಿನಲ್ಲಿ ಜುಗ್ಗತನ ಬೇಡ. ನಾಲ್ಕೂ ಚಕ್ರ ಬಿಚ್ಚಿಸಿ, ಹಿಂದಿನ ಡ್ರಮ್ ಒಳಗೆ ವೀಲ್ ಸಿಲಿಂಡರ್ ಒದ್ದೆಯಾಗಿದ್ದರೆ ಲೀಕ್ ಇದೆ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ತೇವ ಸೇರಿದ್ದು ಬಿಸಿಗೆ ಬೇಗ ಕುದಿಯುತ್ತದೆ. ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಅಡಿಕೆಯೋ ತರಕಾರಿಯೋ ತುಂಬಿಕೊಂಡು ಇಳಿಯುವಾಗ ಪೆಡಲ್ ಮೆತ್ತಗಾಗಿ ನೆಲ ಮುಟ್ಟುವುದು ಹೀಗೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಡಾಟ್ 3 ಅಥವಾ 4 ಯಾವುದು ಅಂತ ಬಾನೆಟ್ ಒಳಗಿನ ಫ್ಲೂಯಿಡ್ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಹೊಸ ಫ್ಲೂಯಿಡ್ ಇದ್ದರೂ ಘಾಟಿ ಇಳಿಯುವುದು ಕಡಿಮೆ ಗೇರ್‌ನಲ್ಲೇ, ನ್ಯೂಟ್ರಲ್ ಯಾವತ್ತೂ ಬೇಡ.

ಟೈರಿನ ಗುಂಡಿ (ಮೇಲಿನ ಅಚ್ಚು) ಎಷ್ಟು ಸವೆದಿದೆ ಅಂತ ನೋಡಿದರೆ ಸಾಲದು, ವಯಸ್ಸು ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 3216 ಅಂದರೆ 2016ರ 32ನೇ ವಾರ. ಸ್ಟೆಪ್ನಿಯದ್ದೂ ನೋಡಿ, ಸಾಮಾನ್ಯವಾಗಿ ಗಾಡಿಯಲ್ಲಿ ಎಲ್ಲಕ್ಕಿಂತ ಹಳೆಯದು ಅದೇ.

ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಆಗಬೇಕು. ಹೇಗೂ ಆಗ ಲೈಟು, ಬ್ರೇಕು, ಹೊಗೆ ಎಲ್ಲ ನೋಡುತ್ತಾರೆ, ಹಾಗಾಗಿ ಈ ದೊಡ್ಡ ಸರ್ವಿಸನ್ನು ಎಫ್‌ಸಿಗೆ ಒಂದು ತಿಂಗಳು ಮುಂಚೆ ಇಟ್ಟುಕೊಂಡರೆ ಕೊನೇ ಗಳಿಗೆಯ ಓಡಾಟ ತಪ್ಪುತ್ತದೆ. ಪಂಪ್ ಮತ್ತು ಇಂಜೆಕ್ಟರ್ ಕೆಲಸ ಮಾತ್ರ ಟೆಸ್ಟ್ ಬೆಂಚ್ ಇರುವ ಡೀಸೆಲ್ ಪಂಪ್ ಅಂಗಡಿಗೇ ಕೊಡಿ. ಆಯಿಲ್ ಬದಲಿಸಿದ ದಿನ, ಕಿಲೋಮೀಟರ್ ಎರಡನ್ನೂ ಏರ್ ಫಿಲ್ಟರ್ ಡಬ್ಬದ ಮುಚ್ಚಳದ ಮೇಲೆ ಪೇಂಟ್ ಮಾರ್ಕರ್‌ನಲ್ಲಿ ಬರೆದುಬಿಡಿ, ಡ್ರೈವರ್ ಬದಲಾದರೂ ಬಾನೆಟ್ ಎತ್ತಿದವರಿಗೆ ಕಾಣುತ್ತದೆ.